ಮೈಕ್ ಆಫ್ ಆದ ಎರಡು ನಿಮಿಷ

ಬಸವೇಶ ಮೈಕ್ ಆಫ್ ಮಾಡಿದ್ದನ್ನು ಇಂಚರ ಕಣ್ಣಾರೆ ಕಂಡಳು.

ಶನಿವಾರ ಮಧ್ಯಾಹ್ನ. ಕೊಳ್ಳೇಗಾಲದ ಸಮುದಾಯ ಭವನದ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಯಾವುದೋ ದೇಶದ ಹಳೆಯ ಕಪ್ಪು-ಬಿಳುಪು ಸಿನಿಮಾ ಹಾಕಿದ್ದರು. ಕಾಲೇಜಿನಲ್ಲಿ ಪಾಠ ಮಾಡುವ ಬಸವೇಶನದೇ ಏರ್ಪಾಟು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಮಗ್ಗದ ಕೇರಿಯ ಹೆಂಗಸರಿಗೆ ತಿಳಿಯುವುದಾದರೂ ಹೇಗೆ? ಅದಕ್ಕೇ ಅದೇ ಕೇರಿಯ ಇಂಚರ ಪರದೆಯ ಪಕ್ಕ ಕೂತು ಒಂದೊಂದು ಮಾತನ್ನೂ ಕೇರಿಯ ಕನ್ನಡದಲ್ಲಿ ಮೈಕಿಗೆ ಹೇಳುತ್ತಿದ್ದಳು.

ಆ ಮಾತುಗಳನ್ನು ಇಬ್ಬರೂ ತಿಂಗಳಿಡೀ ಕೂತು ಬರೆದಿದ್ದರು. ಅವಳು ಪೆನ್ನು ಕಚ್ಚಿಕೊಂಡು ಯೋಚಿಸುವಾಗ ಅವನು ಅವಳನ್ನೇ ನೋಡುತ್ತಿದ್ದ. "ಸಿನ್ಮಾ ಅಲ್ಲೈತೆ, ನನ್ ಮುಖದ್ ಮೇಲಲ್ಲ," ಎಂದು ಗದರಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದ.

ಸಿನಿಮಾದಲ್ಲಿ ಜಮೀನ್ದಾರ ಬಡ ವಿಧವೆಯ ಹಸುವನ್ನು ಎಳೆದೊಯ್ದಿದ್ದ. ಸಹಿಸಿಕೋ, ದೇವರಿದ್ದಾನೆ ಎಂದು ಬುದ್ಧಿ ಹೇಳಲು ಪಾದ್ರಿ ಬಂದ. ವಿಧವೆ ಬಾಗಿಲಿಗೆ ಅಡ್ಡ ನಿಂತಳು. ಅಲ್ಲಿಗೆ ಇಂಚರ ಬರೆದಿದ್ದ ಮಾತು ಇದು: "ದೇವ್ರು ಒಳ್ಗೇ ಅವ್ನೆ ಸ್ವಾಮಿ, ನನ್ ಕೂಸಿನ್ ಪಕ್ಕ ಉಪಾಸ ಕೂತವ್ನೆ. ನೀವು ಆಚೇಲೇ ನಿಂತ್ಕಳಿ."

ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಬಸವೇಶನ ಕೈ ಆಂಪ್ಲಿಫೈಯರ್ ಮೇಲಿತ್ತು. ಎರಡು ನಿಮಿಷ ಅಲ್ಲೇ ಇತ್ತು.

ಮುಂದಿನ ಸಾಲಿನಲ್ಲಿ ಅವನ ಅಪ್ಪ ಸದಾಶಿವಪ್ಪ ಕೂತಿದ್ದರು. ಸತ್ತೇಗಾಲದ ದೊಡ್ಡ ಹಿಡುವಳಿದಾರರು. ಮಗನಿಗೆ ನೇಯುವವರ ಮನೆಯ ಇಂಚರಳನ್ನು ಕೇಳಲು ಹೂಂ ಅಂದಿದ್ದೇ ಹೆಚ್ಚು, ಮರುದಿನ ಭಾನುವಾರ ಅವಳ ಮನೆಗೆ ಬರುವವರಿದ್ದರು. ದೊಡ್ಡವರ ಕಿವಿ ಬಲು ನಾಜೂಕು ನೋಡಿ.

ಸಿನಿಮಾ ಮುಗಿದದ್ದೇ ಬಸವೇಶ ಅವಳ ಹಿಂದೆ ಓಡಿ ಬಂದ.

"ನಾಳೆ ಮಾತುಕತೆ ಕೆಟ್ಟೋಗ್ಬಾರ್ದು ಅಂತ ಕಣೇ..."

"ನಿಮ್ಮನೇಗ್ ಬಂದ್ಮೇಲೆ ನನ್ ಬಾಯ್ಗೂ ಒಂದು ಸ್ವಿಚ್ ಇಕ್ತೀರಾ, ಸಾ?"

ಒಂದು ವರ್ಷದಿಂದ ಅವನನ್ನು ಏನೇನೋ ಕರೆದಿದ್ದಳು, ಮೇಷ್ಟ್ರಿಗೆ ಅನ್ನುವಂತೆ ಸಾ ಎಂದಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ನಾಳೆ ಯಾರೂ ಬರಾದ್ ಬ್ಯಾಡ," ಎಂದು ತಿರುಗಿ ನೋಡದೆ ನಡೆದಳು.

ಬೆಳಿಗ್ಗೆ ಮಗ್ಗಕ್ಕೆ ಕೂತರೆ ಎಳೆ ಮೂರು ಸಲ ಹರಿಯಿತು. "ಸಿಟ್ಟು ಸೀರೆ ಮ್ಯಾಲ್ಯಾಕ್ ತೀರಿಸ್ಕತೀಯೆ?" ಎಂದು ಅವ್ವ ವಸಂತಮ್ಮ ಗೊಣಗಿದಳು. ಅಷ್ಟರಲ್ಲಿ ಬೈಕು ನಿಂತ ಸದ್ದಾಯಿತು. ಬಸವೇಶ ಒಬ್ಬನೇ ಬಂದಿದ್ದ.

"ಅಪ್ಪ ಬರಕಿಲ್ಲ," ಎಂದ. "ಮೈಕಲ್ಲಿ ನೀನ್ ಆಡಿದ್ ಮಾತ್ನ ರಾತ್ರಿ ಅವ್ರಿಗೆ ಒಂದಕ್ಷರ ಬಿಡ್ದೆ ಏಳ್ದೆ. ಮೈಕ್ ಆಫ್ ಮಾಡಿದ್ದು ನಾನೇ, ನಿಮ್ಗೆ ಎದ್ರಕಂಡು ಮಾಡ್ದೆ ಅಂತ್ಲೂ ಏಳ್ದೆ. ಉಣ್ಣಾದ್ ಬಿಟ್ಟು ಎದ್ದೋದ್ರು."

"ಮತ್ತೆ ನೀವ್ಯಾಕ್ ಬಂದ್ರಿ?"

"ನನ್ ಮದ್ವೆ. ನಾನೇ ಬಂದ್ ಕೇಳ್ಬೇಕಾಗಿತ್ತು."

"ನಂಗಿನ್ನೂ ಸಿಟ್ಟಿಳಿದಿಲ್ಲ."

"ಇಳಿಸಾಕ್ ಬಂದಿಲ್ಲ ಕಣೇ. ಸಿಟ್ಟಿನ್ ಸಮೇತ ಕೇಳಾಕ್ ಬಂದಿವ್ನಿ."

ಇಂಚರ ಅವನನ್ನು ದಿಟ್ಟಿಸಿದಳು. ಅವನ ನೋಟ ತಗ್ಗಲಿಲ್ಲ. ಹಾಳಾದವನು! ಇಷ್ಟು ಕೋಪದಲ್ಲೂ ಅವಳ ಮನಸ್ಸು ಅವನ ಕಡೆಗೇ ಎಳೆಯುತ್ತಿತ್ತು.

ವಸಂತಮ್ಮ ಗಡಬಡಿಸಿ ಎದ್ದು ಚಾಪೆ ಹಾಸಿದಳು. ಹೆಣ್ಣು ಕೇಳಲು ಬಂದರೆ ಹುಡುಗಿ ಕಾಫಿ ಕೊಟ್ಟು ಒಳಗೆ ಹೋಗಬೇಕು, ಮಾತೆಲ್ಲ ದೊಡ್ಡವರದು. ಈ ಮನೆಯಲ್ಲೂ ಅದೇ ರೂಢಿ. ಒಳಗೆ ಹೋಗು ಎಂದು ಮಗಳಿಗೆ ಕಣ್ಸನ್ನೆ ಮಾಡಿದಳು.

ಇಂಚರ ಮಗ್ಗದಿಂದೆದ್ದು ಬಂದು ಚಾಪೆಯ ಮೇಲೆ, ಬಸವೇಶನ ಎದುರಿಗೇ ಕೂತಳು.

"ಕಾಪಿ ನೀನೇ ಕಾಸವ್ವ. ಕೇಳಾಕ್ ಬಂದಿರಾದು ನನ್ನ, ಮಾತಾಡಾಳೂ ನಾನೇಯ."