ನೀಲವ್ವನ ಕೈಗುಣ

ಮೊದಲ ಸಲ ಕಂಡ ದಿನವೇ ಕಳಕಪ್ಪ ಕೇಳಬಾರದ ಮಾತನ್ನು ಕೇಳಿಬಿಟ್ಟ.

ನರಗುಂದದ ಬಂಡಾಯಕ್ಕೆ ಇನ್ನೂ ಎರಡು ಮಳೆಗಾಲ ಬಾಕಿ ಇದ್ದ ಕಾಲ ಅದು. ರೋಣದ ವೈದ್ಯ ಪ್ರಭುಲಿಂಗಪ್ಪನವರ ಪಡಸಾಲೆಯಲ್ಲಿ ಅವರ ಮಗಳು ನೀಲವ್ವ ಅಳಲೆಕಾಯಿ ಕುಟ್ಟುತ್ತ ಕೂತಿದ್ದಳು. ಗಜೇಂದ್ರಗಡದಿಂದ ವೈದ್ಯ ಕಲಿಯಲು ಬಂದ ಕಳಕಪ್ಪ ಹೆಗಲ ಮೇಲಿನ ಚೀಲ ಇಳಿಸಿದ, ಅವಳು ಕೊಟ್ಟ ನೀರು ಕುಡಿದ, ತಂಬಿಗೆಯನ್ನು ನೆಲಕ್ಕಿಟ್ಟ. ಇಷ್ಟರ ತನಕ ಎಲ್ಲವೂ ಸರಿಯಾಗಿತ್ತು.

"ನಿಮ್ಮ ಯಜಮಾನ್ರು ಅಫೀಮು ತಿಂತಿದ್ರಂತಲ್ರಿ. ತಿಂದ ಮ್ಯಾಲೆ ಬಾಯಿಗೆ ಏನು ಬೇಡ್ತಿದ್ರು?"

ಕುಟ್ಟುವ ಕೈ ನಿಂತಿತು. ನೀಲವ್ವನ ಗಂಡ ಅದೇ ಅಫೀಮಿನಿಂದ ನರಗುಂದದಲ್ಲಿ ಸತ್ತಿದ್ದ. ಅವಳು ತವರಿಗೆ ಬಂದ ಮೇಲೆ ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

"ನನ್ನ ಗಂಡ ಮಣ್ಣಾಗ್ಯಾನ್ರಿ. ಅಂವ ಏನು ತಿಂದ, ಏನು ಬಿಟ್ಟ, ಅದು ನಿಮಗ್ಯಾಕ?" ಎಂದವಳೇ ಎದ್ದು ಒಳಗೆ ಹೋದಳು.

ಕಳಕಪ್ಪ ಪಡಸಾಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತ. ಪ್ರಭುಲಿಂಗಪ್ಪನವರು ಆ ಸಂಜೆ ಮಗಳಿಗೆ ಸಮಾಧಾನ ಹೇಳಿದರು. "ಸಿಟ್ಟಾಗಬ್ಯಾಡವ್ವಾ. ಅಂವಗ ಅದೊಂದು ಹುಚ್ಚು. ನಾವೆಲ್ಲಾ ನಾಡಿ ಹಿಡದ ನೋಡ್ತೀವಿ, ಅಂವ ಬಾಯಿ ವಿಚಾರಸ್ತಾನ."

ನಿಜವಾಗಿಯೂ ಅದು ಹುಚ್ಚೇ. ಗಜೇಂದ್ರಗಡ, ನರಗುಂದ, ರೋಣದ ಸಂತೆಗಳಲ್ಲಿ ಅಫೀಮು ತಿನ್ನುವವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅವನು ಕೇಳುತ್ತಿದ್ದ: ಮೊದಲು ಯಾವ ರುಚಿ ಬಂತು? ಬಿಟ್ಟ ಮೇಲೆ ಆಸೆ ಯಾವಾಗ ಮರಳಿತು? ಆಗ ಬಾಯಲ್ಲಿ ಏನಿತ್ತು? ಬೈಸಿಕೊಂಡ, ಒಮ್ಮೆ ಏಟೂ ತಿಂದ. ಆಸೆ ರಕ್ತದಲ್ಲಷ್ಟೇ ಇರುವುದಿಲ್ಲ, ನಾಲಗೆಯ ಮೇಲೂ ಹೊಂಚು ಹಾಕಿ ಕೂತಿರುತ್ತದೆ ಎಂಬುದು ಅವನ ನಂಬಿಕೆ. ಅದನ್ನು ತಿಳಿದುಕೊಳ್ಳುವುದಕ್ಕೇ ಆಯುಷ್ಯ ತೆಗೆದಿಟ್ಟಿದ್ದ. ಇಂಥವನಿಗೆ ಯಾರು ಹೆಣ್ಣು ಕೊಟ್ಟಾರು?

ಆದರೆ ಆ ಪ್ರಶ್ನೆ ನೀಲವ್ವನನ್ನು ಬಿಡಲಿಲ್ಲ. ಮರುದಿನ ಅವಳೇ ಬಂದು ಕಂಬಕ್ಕೆ ಒರಗಿ ನಿಂತಳು.

"ಬೆಲ್ಲ," ಎಂದಳು.

ಕಳಕಪ್ಪ ತಲೆ ಎತ್ತಿದ.

"ಸಂಜಿಗೆ ಗುಳಿಗಿ ನುಂಗಿ, ಬಾಯಿ ಕಹಿ ಆಗೇತಿ ಅಂತ ಬೆಲ್ಲ ಕೇಳ್ತಿದ್ದ. ನಾನ ಕೊಡ್ತಿದ್ದೆ. ಅಪ್ಪ ಅಫೀಮು ಬಿಡಿಸಿದ. ಅಂವ ಚಲೋನೂ ಆದ. ಒಂದಿನ ಸಂಜಿಗೆ ಪ್ರೀತಿಲೆ ಒಂದು ಚೂರು ಬೆಲ್ಲ ಕೊಟ್ಟೆ. ಬಾಯಾಗ ಬಿದ್ದ ಕೂಡ್ಲೆ ಆಕಳಿಕಿ ಬಂದ್ವು, ಕಣ್ಣಾಗ ನೀರು ಬಂತು. ಎದ್ದು ಅಫೀಮಿಗೆ ಹೋದಾಂವ ತಿರುಗಿ ಸರಿ ಆಗಲೇ ಇಲ್ಲ."

ಅವನು ಮೆಲ್ಲಗೆ ಹೇಳಿದ, "ಅವರ ನಾಲಗಿಗೆ ಬೆಲ್ಲಾನ ಅಫೀಮಾಗಿತ್ತು. ಅದು ನಿಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ತಪ್ಪು ನಿಮ್ಮದಲ್ರಿ."

ಇಷ್ಟು ವರ್ಷ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ, ಎದ್ದೂ ಹೋಗಲಿಲ್ಲ. ಅಲ್ಲೇ ಕೂತು, ಅವಳು ಅರ್ಧಕ್ಕೆ ಬಿಟ್ಟಿದ್ದ ಅಳಲೆಕಾಯಿಯನ್ನು ಕುಟ್ಟತೊಡಗಿದ.

ಆಮೇಲಿನ ದಿನಗಳಲ್ಲಿ ಪಡಸಾಲೆಯಲ್ಲಿ ನಗು ಕೇಳಿಸತೊಡಗಿತು. ಮನೆಯಲ್ಲಿ ರೊಟ್ಟಿ ಬಡಿಯುವವರು ಇಬ್ಬರು: ನೀಲವ್ವ ಮತ್ತು ಅವಳ ಸೋದರತ್ತೆ ಕಲ್ಲವ್ವ. ಕಣ್ಣು ಮುಚ್ಚಿಕೊಂಡು ತಿಂದರೂ ಯಾರ ರೊಟ್ಟಿ ಎಂದು ಹೇಳುವೆನೆಂದು ಕಳಕಪ್ಪ ಜಂಬ ಕೊಚ್ಚಿದ.

"ಎಲ್ಲಾ ಜ್ವಾಳ ಒಂದ, ಒಲಿ ಒಂದ. ಹ್ಯಾಂಗ ಹೇಳ್ತೀರಿ?" ಎಂದು ನೀಲವ್ವ ಸವಾಲು ಹಾಕಿದಳು.

ಅವನು ಕಣ್ಣು ಮುಚ್ಚಿದ. ಅವಳು ಒಂದು ತುಣುಕನ್ನು ಅವನ ಅಂಗೈಯಲ್ಲಿಟ್ಟಳು. ಅಗಿದ. "ಇದು ಕಲ್ಲವ್ವಾರದು." ಎರಡನೆಯದನ್ನು ಇಟ್ಟಳು. ಅಗಿಯುವುದನ್ನು ನಡುವೆಯೇ ನಿಲ್ಲಿಸಿ ಅವನು ಕಣ್ಣು ತೆರೆದ. ಅವಳು ಎದುರಿಗೇ, ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಇದು ಯಾರದು ಅಂತ ಹೇಳಬೇಕೇನ್ರಿ?"

"ಬ್ಯಾಡ," ಎಂದಳು, ಸೆರಗು ಸರಿಮಾಡಿಕೊಳ್ಳುತ್ತ. ಕೆನ್ನೆ ಬಿಸಿಯಾಗಿತ್ತು. ಒಳಗಿನಿಂದ ಕಲ್ಲವ್ವ, "ನನ್ನ ರೊಟ್ಟಿಗೇನು ಧಾಡಿ ಆಗೇತೋ ತಮ್ಮಾ?" ಎಂದು ಕೂಗಿದಳು.

ಅವನು ಗುರೆಳ್ಳಿನ ಚಟ್ನಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಿಕ್ಕವನಿದ್ದಾಗ ಅದನ್ನು ತಿಂದ ದಿನವೇ ಜ್ವರ ಬಂದು ವಾಂತಿಯಾಗಿತ್ತಂತೆ. "ಜ್ವರ ಚಟ್ನಿಯಿಂದ ಬರಲಿಲ್ಲ ಅಂತ ನನಗ ಗೊತ್ತೈತ್ರಿ. ನನ್ನ ಹೊಟ್ಟಿಗೆ ಗೊತ್ತಿಲ್ಲ. ಬುದ್ಧಿ ಹೇಳಿದ್ರ ಹೊಟ್ಟಿ ಕೇಳೂದಿಲ್ಲ," ಎಂದು ನಗುತ್ತಿದ್ದ. ನೀಲವ್ವನೂ ನಕ್ಕಳು. ಆ ಮಾತು ಒಂದು ದಿನ ಕೆಲಸಕ್ಕೆ ಬೀಳುತ್ತದೆಂದು ಅವಳಿಗೇನು ಗೊತ್ತು?

ಸುಗ್ಗಿ ಮುಗಿದ ಮೇಲೆ ಕಳಕಪ್ಪ ನರಗುಂದಕ್ಕೆ ಹೋದ. ಅಲ್ಲಿ ಅಫೀಮಿನವರ ನಡುವೆ ಬಹಳ ದಿನ ಉಳಿದ. ತಿರುಗಿ ಬಂದಾಗ ಮೈ ಇಳಿದಿತ್ತು. ಬಿಸಿಲು ಎಂದ, ತಿರುಗಾಟ ಎಂದ. ನೀಲವ್ವ ನಂಬಿದಳು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಅಡುಗೆಮನೆಯ ಹೊಸ್ತಿಲ ಬಳಿ ನಿಂತು ಕೇಳಿದ. "ನೀಲವ್ವಾರ, ಒಂದೀಟು ಬೆಲ್ಲ ಕೊಡ್ತೀರೇನು?"

ನೀಲವ್ವ ದೀಪವನ್ನು ಎತ್ತಿ ಅವನ ಮುಖಕ್ಕೆ ಹಿಡಿದಳು. ಅಫೀಮು ತಿಂದವರ ಹಾಗೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಎಂದಿನಿಂದ?"

ಅವನು ಸುಳ್ಳು ಹೇಳಲಿಲ್ಲ. "ತಿನ್ನದಾಂವಗ ತಿಂದಾವರ ಬಾಯಿ ಹ್ಯಾಂಗ ತಿಳೀಬೇಕ್ರಿ? ಒಮ್ಮೆ ನೋಡೂಣು ಅಂತ ತಿಂದೆ. ಬಿಡಾಕ ಆಗ್ಲಿಲ್ಲ."

"ನೀವು ತಿಳಕೊಳ್ಳಾಕ ತಿಂದ್ರಿ. ನಾನು ಒಂದು ಹೆಣದ ಮುಂದ ಕೂತು ತಿಳಕೊಂಡೇನಿ. ಇನ್ನೊಮ್ಮೆ ಕೂಡೂದು ನನ್ನ ಕೈಲೆ ಆಗೂದಿಲ್ಲ," ಎಂದಳು. "ಬಿಡತೀರೋ, ಇಲ್ಲಾ ಇಲ್ಲಿಂದ ಹೋಗತೀರೋ?"

"ನನ್ನ ಕೈ ನಂಬಬ್ಯಾಡ್ರಿ. ನಿಮ್ಮ ಕೈಲೆ ಬಿಡಸ್ರಿ," ಎಂದು ಅಫೀಮಿನ ಡಬ್ಬಿಯನ್ನು ಅವಳ ಅಂಗೈಗೆ ಹಾಕಿದ.

ದಾರಿಯನ್ನು ಅವನೇ ಹೇಳಿದ. ಅಫೀಮನ್ನು ದಿನದಿನಕ್ಕೆ ಕಡಿಮೆ ಮಾಡಬೇಕು. ಜೊತೆಗೆ ವಾಂತಿ ಬರಿಸುವ ಕಾರೆಕಾಯಿ ಪುಡಿ ಬೆರೆಸಬೇಕು. ಚಟ್ನಿಯ ಮೇಲೆ ಹುಟ್ಟಿದ ಹೇಸಿಗೆ ಅಫೀಮಿನ ಮೇಲೂ ಹುಟ್ಟಲಿ ಎಂಬುದು ಅವನ ಲೆಕ್ಕ. ಎರಡನ್ನೂ ಬರೀ ನೀರಿನಲ್ಲಿ ಕೊಡಿ, ಬೇರೆ ಏನೂ ಬೆರೆಸಬೇಡಿ ಎಂದು ಮತ್ತೆ ಮತ್ತೆ ಹೇಳಿದ. ಪ್ರಭುಲಿಂಗಪ್ಪನವರು ಒಪ್ಪಿದರು. ರೋಗಿಯ ಗುಟ್ಟನ್ನು ಅವರು ಸತ್ತರೂ ಬಾಯಿ ಬಿಡುವವರಲ್ಲ.

ಮೊದಲ ದಿನ ಆ ಕಹಿ ನೀರನ್ನು ಕುಡಿಯಲಾರದೆ ಅವನು ಒದ್ದಾಡಿದ್ದನ್ನು ನೋಡಿ ನೀಲವ್ವನ ಕರುಳು ಚುರ್ರೆಂದಿತು. ಎರಡನೆಯ ದಿನ ಅವಳು ಸಿಹಿಯಾದ ಗೋಧಿ ಹುಗ್ಗಿ ಮಾಡಿದಳು. ಗಂಡನ ಮನೆಯಲ್ಲಿ ಕಲಿತಂತೆ ಜಾಜಿಕಾಯಿ ತೇಯ್ದು ಹಾಕಿದಳು. ಪುಡಿಯನ್ನೂ ಅಫೀಮನ್ನೂ ಅದರಲ್ಲಿ ಅಡಗಿಸಿ ಅವನ ಬಾಯಿಗಿಟ್ಟಳು. ಅಂಥ ಹುಗ್ಗಿಯನ್ನು ಅವನು ಹಿಂದೆಂದೂ ತಿಂದಿರಲಿಲ್ಲ. ಮೈಮೇಲೆ ಅರೆಬರೆ ಎಚ್ಚರವಿದ್ದವನು ಏನು ಕೊಟ್ಟರು ಎಂದೂ ಕೇಳಲಿಲ್ಲ. ತಿಂದ, ಕಕ್ಕಿದ, ಮರುದಿನ ಮತ್ತೆ ತಿಂದ. ವೈದ್ಯನ ಮಗಳಾಗಿ ಮಾಡಬಾರದ ಕೆಲಸ ಅದು. ಆದರೆ ಅವಳು ಆಗ ವೈದ್ಯನ ಮಗಳಾಗಿ ಕೂತಿರಲಿಲ್ಲ.

ಅವನು ಬೆವರಿದ, ಬೇಡಿಕೊಂಡ, ಬಾಗಿಲು ಬಡಿದ. ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವನು ತಾನೇ ಎದ್ದು ಬಾವಿಯಿಂದ ನೀರು ಸೇದಿ ತಂದ.

"ಉಡಿಕಿ ಮಾಡಿಕೊಳ್ಳೂಣೇನ್ರಿ?" ಎಂದ, ಕೊಡ ಇಳಿಸುತ್ತ.

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕರೆದೊಯ್ಯುವ ಮಾತು ಅದು. ನೀಲವ್ವ ಕೊಡವನ್ನೇ ನೋಡುತ್ತ ನಿಂತಳು. "ನಾನು ಗಂಡ ಸತ್ತಾಕಿ."

"ನಾನೂ ಸತ್ತು ಬಂದಾಂವ. ಯಾರು ಬಾಗಲದಾಗ ಕೂತು ನನ್ನ ತಿರುಗಿ ಕರಕೊಂಡ್ರು, ಅವರ ಬೇಕು ನನಗ."

"ನೀರು ಚೆಲ್ಲಾಕತ್ತೇತಿ, ಕೊಡ ಸರಿ ಇಡ್ರಿ," ಎಂದಳು. ಅವಳ ಕಣ್ಣೇ ಉಳಿದದ್ದನ್ನು ಹೇಳಿಬಿಟ್ಟಿತು.

ಮಾತು ಗಟ್ಟಿ ಮಾಡಲು ಗಜೇಂದ್ರಗಡದಿಂದ ಹಿರಿಯರು ಬಂದರು. ಕಳಕಪ್ಪನ ಸೋದರಮಾವ ಅಯ್ಯಪ್ಪ ಅವರಲ್ಲಿ ದೊಡ್ಡವನು. ವಿಧವೆಯನ್ನು ತರುವುದು ಅವನಿಗೆ ಅಷ್ಟಾಗಿ ಒಗ್ಗಿರಲಿಲ್ಲ. ಹೆಣ್ಣು ತನ್ನ ಕೈಯಾರೆ ಗಂಡಿಗೆ ಸಿಹಿ ತಿನ್ನಿಸಿದರೆ ಮಾತು ಮುಗಿದಂತೆ, ಅದು ಅವರ ಮನೆತನದ ಪದ್ಧತಿ. ನೀಲವ್ವ ಹುಗ್ಗಿಯ ಬಟ್ಟಲು ಹಿಡಿದು ಬಂದಳು. ಜಾಜಿಕಾಯಿಯ ಘಮ ಪಡಸಾಲೆ ತುಂಬಿತು.

ಅವಳು ಕೈ ಎತ್ತಿದಳು. ಕಳಕಪ್ಪ ನಗುತ್ತಲೇ ಬಾಯಿ ತೆರೆದ. ಒಮ್ಮೆಲೇ ಅವನ ಮುಖ ಬಿಳಿಚಿತು, ಹಣೆಯ ಮೇಲೆ ಬೆವರೊಡೆಯಿತು. ಅವಳ ಕೈಯನ್ನು ತಳ್ಳಿ ಅಂಗಳಕ್ಕೆ ಓಡಿದ. ಅವನು ಓಕರಿಸುವ ಸದ್ದು ಒಳಗಿನವರಿಗೆಲ್ಲ ಕೇಳಿಸಿತು.

ಮೊದಲು ಬಾಯಿ ಬಿಟ್ಟವನು ಅಯ್ಯಪ್ಪ. "ನಾ ಮೊದಲ ಹೇಳಿದ್ದೆ. ಈಕಿ ಕೈಗುಣಾ ಚಲೋ ಇಲ್ಲ. ಒಬ್ಬನ್ನ ನುಂಗಿದ ಕೈ. ಇಂವನ ಮೈಯಿಗೆ ಅದು ಗೊತ್ತಾತು."

ನೀಲವ್ವನಿಗೂ ಗೊತ್ತಾಯಿತು, ಬೇರೆಯದೇ. ಬರೀ ನೀರಿನಲ್ಲಿ ಕೊಡಿ ಎಂದು ಅವನೇಕೆ ಅಷ್ಟು ಹೇಳಿದ್ದ ಎಂಬುದು ಈಗ ತಿಳಿಯಿತು. ಗುರೆಳ್ಳಿನ ಚಟ್ನಿ ನೆನಪಾಯಿತು. ಅವನ ಹೊಟ್ಟೆ ಹೇಸಿದ್ದು ಅಫೀಮಿಗಲ್ಲ, ತಾನು ಪ್ರೀತಿಯಿಂದ ಇಟ್ಟ ಹುಗ್ಗಿಗೆ.

ಒಂದು ಮಾತು ಹೇಳಿದ್ದರೆ ಅವಳ ಮೇಲಿನ ಅಪವಾದ ಹೋಗುತ್ತಿತ್ತು. ಆದರೆ ಆ ಮಾತು ಹೊರಬಿದ್ದರೆ ಕಳಕಪ್ಪನ ಹೆಸರು ಹೋಗುತ್ತಿತ್ತು. ಅಫೀಮು ತಿಂದ ವೈದ್ಯನ ಕೈಯಿಂದ ಯಾರು ಮದ್ದು ತೆಗೆದುಕೊಳ್ಳುತ್ತಾರೆ? ಅಷ್ಟು ವರ್ಷ ಬೈಸಿಕೊಂಡು ಕಲಿತದ್ದೆಲ್ಲ ನೀರಿನ ಪಾಲು. ತಂದೆಯವರು ತಲೆ ತಗ್ಗಿಸಿ ತುಟಿ ಕಚ್ಚಿ ಕೂತಿದ್ದರು. ಅವಳು ಬಟ್ಟಲನ್ನು ನೆಲಕ್ಕಿಟ್ಟಳು.

"ಹೌದ್ರಿ," ಎಂದಳು. "ನನ್ನ ಕೈಗುಣಾ ಚಲೋ ಇಲ್ಲ. ಇಷ್ಟಕ್ಕ ಮುಗಿಸಿ ನಡೀರಿ."

"ಮಾವಾ, ಕೂಡ್ರಿ."

ಕಳಕಪ್ಪ ಬಾಯಿ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ನೀಲವ್ವ ಬೇಡ ಎಂದು ತಲೆಯಾಡಿಸಿದಳು. ಅವನು ಅವಳನ್ನು ನೋಡಿದ, ಆದರೂ ನಿಲ್ಲಿಸಲಿಲ್ಲ.

"ನಾನು ಅಫೀಮು ತಿಂತಿದ್ದೆ. ಬಿಡಿಸಿದಾಕಿ ಈಕಿ. ನನ್ನ ಸಂಕಟಾ ನೋಡಲಾರದ ವಾಂತಿ ಔಷಧಾ ಹುಗ್ಗಿಯೊಳಗ ಇಟ್ಟು ಕೊಟ್ಟಾಳ. ಅಫೀಮು ನಾಲಗಿಗೆ ಹಳೇದು, ಈ ಹುಗ್ಗಿ ಹೊಸಾದು. ನನ್ನ ಹೊಟ್ಟಿ ಹೊಸಾದರ ಮ್ಯಾಲೆ ತಪ್ಪು ಹೊರಿಸೇತಿ. ಔಷಧದಿಂದ ಅಫೀಮು ಹೋಗಲಿಲ್ಲ ಮಾವಾ. ದಿನಾ ಎಳ್ಳಿನಷ್ಟು ಕಡಿಮಿ ಮಾಡಿ, ಹೊಸ್ತಿಲದಾಗ ಕೂತು ನನ್ನ ಕಾಯ್ದ್ಲು, ಅದರಿಂದ ಹೋತು. ಈ ಕೈಗೆ ಗುಣಾ ಇಲ್ಲಂದ್ರ ಯಾವ ಕೈಗೈತಿ?"

ಅಯ್ಯಪ್ಪನ ಮುಖ ಕಪ್ಪಿಟ್ಟಿತು. "ಮಂದಿ ಮುಂದ ಹೇಳಿದ್ಯಲ್ಲೋ! ನಾಳಿ ನಿನ್ನ ಕಡೆ ಯಾರು ಬರ್ತಾರ?"

"ಯಾರೂ ಬರದಿದ್ರ ಹೊಲಾ ಹರಗತೀನಿ." ಅವನು ನೀಲವ್ವನ ಕಡೆ ತಿರುಗಿದ. ಬಹುವಚನವೆಲ್ಲ ಎಲ್ಲೋ ಬಿದ್ದುಹೋಯಿತು. "ನೀಲವ್ವಾ, ಹಸಿವಾಗೇತಿ. ರೊಟ್ಟಿ ಕೊಡು."

ನೀಲವ್ವ ಒಳಗೆ ಹೋದಳು. ರೊಟ್ಟಿಯ ಬುಟ್ಟಿಯ ಮುಂದೆ ಕೂತಳು. ಅವನ ನಾಲಗೆ ಹುಗ್ಗಿಯನ್ನಷ್ಟೇ ದೂಡಿತೋ, ತನ್ನ ಕೈಯನ್ನೇ ದೂಡಿತೋ? ಅದು ತಿಳಿಯದೆ ಅವಳು ಬದುಕಲಾರಳು. ಎರಡು ರೊಟ್ಟಿ ತೆಗೆದುಕೊಂಡಳು, ಕಲ್ಲವ್ವತ್ತೆಯದೊಂದು, ತನ್ನದೊಂದು.

"ಕಣ್ಣು ಮುಚ್ರಿ," ಎಂದಳು.

ಹಿರಿಯರೆಲ್ಲ ನೋಡುತ್ತಿರುವಂತೆಯೇ ಕಳಕಪ್ಪ ಕಣ್ಣು ಮುಚ್ಚಿದ. ಮೊದಲ ತುಣುಕನ್ನು ಅಗಿದು, "ಕಲ್ಲವ್ವಾರದು," ಎಂದ. ಎರಡನೆಯದನ್ನು ಅವಳು ಅಂಗೈಯಲ್ಲಿಡಲಿಲ್ಲ, ಬಾಯಿಗೇ ಇಟ್ಟಳು. ಅವನು ಅಗಿದ. ನಿಧಾನವಾಗಿ ಅಗಿದ. ಅವನ ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು. ನುಂಗಿದ.

"ಇನ್ನೊಂದು ತುತ್ತು," ಎಂದ.

ಪಡಸಾಲೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಯ್ಯಪ್ಪ ಕೆಮ್ಮಿದ, ರುಮಾಲು ಸರಿಮಾಡಿಕೊಂಡ, ನೀಲವ್ವನ ಮುಖ ನೋಡದೆ ಕೈ ಚಾಚಿದ. "ನನಗೂ ಒಂದು ರೊಟ್ಟಿ ಹಾಕವ್ವಾ. ನಿನ್ನ ಕೈದು."

ಅಯ್ಯಪ್ಪ ಹೇಳಿದಂತೆಯೇ ಆಯಿತು. ಉಡಿಕಿಯ ಮೇಲೆ ಇಬ್ಬರೂ ಗಜೇಂದ್ರಗಡಕ್ಕೆ ಹೋದರು. ಬಹಳ ಕಾಲ ಅವರ ಬಾಗಿಲಿಗೆ ರೋಗಿಗಳು ಬರಲಿಲ್ಲ. ಕಳಕಪ್ಪ ಹೊಲ ಹರಗಿದ. ಹಬ್ಬದಲ್ಲೂ ಆ ಮನೆಯಲ್ಲಿ ಹುಗ್ಗಿ ಬೇಯಲಿಲ್ಲ. ನೆರೆಯವರು ಜಿಪುಣರೆಂದರು, ಗಂಡಹೆಂಡತಿ ನಕ್ಕು ಸುಮ್ಮನಾದರು.

ನರಗುಂದದ ಬಂಡಾಯ ಅಡಗಿದ ಮೇಲಿನ ಒಂದು ಮಧ್ಯಾಹ್ನ, ಗಾಯದ ಕಾಲೆಳೆಯುತ್ತ ಗೌಸುಸಾಬನೆಂಬ ಸಿಪಾಯಿ ಬಂದು ನಿಂತ. ಹಿಂದೆ ಅವನ ಹೆಂಡತಿ ಶರೀಫಾಬಿ, ಮುಖ ಮುಚ್ಚಿಕೊಂಡು.

"ನೋವಿಗಂತ ಅಫೀಮು ತಿಂದೆ, ಈಗ ಬಿಡವಲ್ದು. ತಿಂದು, ಆಮ್ಯಾಲೆ ಬಿಟ್ಟ ವೈದ್ಯರು ಇಲ್ಲಿ ಒಬ್ಬರದಾರಂತ ಕೇಳಿ ಬಂದೇವ್ರಿ," ಎಂದ.

ಕಳಕಪ್ಪ ಕೈಯ ಮಣ್ಣು ಝಾಡಿಸಿ ಅವನ ಪಕ್ಕ ಕೂತ. ಎಷ್ಟೋ ದಿನದ ಮೇಲೆ ಅದೇ ಹಳೆಯ ಪ್ರಶ್ನೆ ಅವನ ಬಾಯಿಂದ ಬಂತು. "ತಿಂದ ಮ್ಯಾಲೆ ಬಾಯಿಗೆ ಏನು ಬೇಡ್ತಿದ್ರಿ?"

ಗೌಸುಸಾಬ ಉತ್ತರ ಕೊಡುವ ಮೊದಲೇ ಶರೀಫಾಬಿ ಬಿಕ್ಕಿದಳು. "ಖಜೂರಿ. ನಾನ ತಂದು ಕೊಡ್ತಿದ್ದೆ."

ನೀಲವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು. ಹಿಟ್ಟಿನ ಕೈಯಲ್ಲೇ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

"ತಪ್ಪು ನಿಮ್ಮದಲ್ಲವ್ವಾ," ಎಂದಳು. "ಒಳಗ ಬರ್ರಿ."