ಮೂರನೇ ಬ್ಯಾರಕ್ಕಿನ ಅಪರಿಚಿತ

ಬಂದೂಕು ಹಿಡಿದವನಿಗೂ ಏಳು ವರ್ಷ, ಬೀಗದ ಗುಟ್ಟು ಹೇಳಿದವನಿಗೂ ಏಳು ವರ್ಷ. ಬೀಗ ರಿಪೇರಿಯವನ ಎದೆಯಲ್ಲಿ ಮುಳ್ಳಾಗಿ ಕೂತದ್ದು ಇದೇ. ದರೋಡೆಯ ದಿನ ಅವನು ಒಡವೆ ಅಂಗಡಿಯ ಹೊಸ್ತಿಲನ್ನೂ ತುಳಿದಿರಲಿಲ್ಲ. ತಾನು ಹಿಂದೊಮ್ಮೆ ಸರಿಪಡಿಸಿದ್ದ ತಿಜೋರಿ ತೆರೆಯುವ ಬಗೆಯನ್ನು ಚೀಟಿಯಲ್ಲಿ ಗೀಚಿ, ಒಂದೇ ಬೆಂಚಿನಲ್ಲಿ ಕೂತು ಓದಿದ್ದ ಉದ್ದಣ್ಣನ ಕೈಗಿಟ್ಟಿದ್ದ. ಆ ಚೀಟಿಯೂ ಬೂದಿಯಾಗಿತ್ತು. ಆದರೂ ಸಂಚಿಗೆ ಶಿಕ್ಷೆಯಾಯಿತು.

ಅವರಿಬ್ಬರನ್ನು ಒಟ್ಟಿಗೆ ಕಂಡೆನೆಂದವನು ಚಹಾದಂಗಡಿಯವನೊಬ್ಬನೇ. ಅವನೋ, ಹತ್ತು ಮಾರು ದೂರದ ಎಮ್ಮೆಯನ್ನೂ ‘ಬನ್ನಿ ಸ್ವಾಮಿ’ ಎಂದು ಕರೆಯುವವನು.

“ನಿಮ್ಮಿಬ್ಬರಿಗೆ ಪರಿಚಯವೇ ಇಲ್ಲ ಅಂದ್ರೆ ಸಂಚು ಎಲ್ಲಿಂದ ಬರುತ್ತೆ? ಒಂದು ಕೈಲಿ ಚಪ್ಪಾಳೆ ಆಗಲ್ಲಪ್ಪ,” ಎಂದಿದ್ದರು ವಕೀಲರು.

ಅಷ್ಟು ಸಾಕಾಯಿತು. ಕೀಲಿಯ ಹಲ್ಲನ್ನು ಕೂದಲೆಳೆಯಷ್ಟೇ ಅರದಿಂದ ಉಜ್ಜುವ ತಾಳ್ಮೆ ಅವನದು. ಜೈಲಿನ ವ್ಯಾನಿನಲ್ಲೇ ಉದ್ದಣ್ಣನಿಗೆ ಪಿಸುಗುಟ್ಟಿದ: “ಇವತ್ತಿಂದ ನೀನ್ಯಾರೋ, ನಾನ್ಯಾರೋ. ಸಂಚಿನ ಕೇಸು ಬಿದ್ದುಹೋದ್ರೆ ಮೊದಲು ನಾನು ಹೊರಗೆ, ಆಮೇಲೆ ನಿನ್ನನ್ನೂ ಬಿಡಿಸ್ತೀನಿ.” ಅಂದಿನಿಂದ ಹದಿನಾಲ್ಕು ತಿಂಗಳು ಒಂದು ಮಾತಿಲ್ಲ, ಒಂದು ನೋಟವಿಲ್ಲ. ಉದ್ದಣ್ಣ ಮೂರನೇ ಬ್ಯಾರಕ್ಕಿನಲ್ಲಿ, ಇವನು ಒಂದನೆಯದರಲ್ಲಿ. ಒಮ್ಮೆ ನಲ್ಲಿಯ ಬಳಿ ಉದ್ದಣ್ಣ ಜಾರಿ ಬಿದ್ದು ಹಣೆ ಒಡೆದುಕೊಂಡಾಗ ಎಲ್ಲರೂ ಓಡಿದರು. ಇವನು ತಟ್ಟೆ ತೊಳೆಯುತ್ತಲೇ ಇದ್ದ. ಮನಸ್ಸು ಚುಚ್ಚಿತು, ದೇವರು ಕ್ಷಮಿಸುತ್ತಾನೆಂದುಕೊಂಡ. ಆ ದಿನವೇ ಕಾವಲಿನವನ ಕಣ್ಣಿಗೆ ಇವನ ಕಲ್ಲೆದೆ ಬಿತ್ತು. ಇವರಿಬ್ಬರೂ ಅಪರಿಚಿತರೆಂದು ಕಾವಲಿನವನು ಬರೆದುಕೊಟ್ಟ ಹೇಳಿಕೆಯೇ ಮೇಲ್ಮನವಿಯ ಬೆನ್ನೆಲುಬಾಯಿತು.

ಭೇಟಿಗೆ ಬಂದ ಹೆಂಡತಿಗೂ ಜಾಲರಿಯಾಚೆಯಿಂದ ಪಾಠವಾಗಿತ್ತು.

“ಕೋರ್ಟಲ್ಲಿ ಯಾರೇ ಕೇಳಲಿ, ಉದ್ದಣ್ಣನ ಹೆಸರೇ ಕೇಳಿಲ್ಲ ಅನ್ನು.”

“ಸುಳ್ಳು ಹೇಳಿ ಅಭ್ಯಾಸ ಇಲ್ಲ ರೀ.”

“ಏಳು ವರ್ಷ ಒಬ್ಬಳೇ ಇರೋ ಅಭ್ಯಾಸ ಇದೆಯಾ?”

ಅವಳು ತಲೆ ತಗ್ಗಿಸಿದಳು. ಒಪ್ಪಿದಳೆಂದು ಅವನು ತಿಳಿದ.

ವಿಚಾರಣೆಯ ದಿನ ಎಲ್ಲವೂ ಎಣ್ಣೆ ಹಾಕಿದ ಬೀಗದಂತೆ ಸರಾಗವಾಗಿ ತಿರುಗಿತು. ವಕೀಲರು ಕಾವಲಿನವನ ಹೇಳಿಕೆ ಓದಿದಾಗ ನ್ಯಾಯಾಧೀಶರು ತಲೆದೂಗಿದರು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಸಂಜೆಯೊಳಗೆ ತನ್ನ ಬೀಗದಂಗಡಿಯ ಬಾಗಿಲು ತೆರೆಯಬಹುದೆಂದು ಅವನು ಲೆಕ್ಕ ಹಾಕಿದ.

ಆಗ ಸರ್ಕಾರಿ ವಕೀಲರು ನಿಧಾನವಾಗಿ ಎದ್ದು, ಜೈಲಿನ ಗೇಟಿನಲ್ಲಿಡುವ ಸಂದರ್ಶಕರ ಪುಸ್ತಕವನ್ನು ಮುಂದಿಟ್ಟರು. ಹಿಂದೆ ಮುಂದೆ ಯಾರೂ ಇಲ್ಲದ ಉದ್ದಣ್ಣನಿಗೆ ಪ್ರತಿ ತಿಂಗಳೂ ಒಗೆದ ಅಂಗಿ, ಸೋಪು ಕೊಟ್ಟು ಹೋಗುವ ಹೆಂಗಸೊಬ್ಬಳಿದ್ದಳು. ಹದಿನಾಲ್ಕು ಬಾರಿಯೂ ಬೀಗದವನ ಭೇಟಿ ಮುಗಿದ ಅರ್ಧ ಗಂಟೆಗೆ ಅವಳ ಸಹಿ. ದಿಕ್ಕಿಲ್ಲದವನಿಗೆ ನೆರವಾದ ಅವಳ ಪುಣ್ಯವನ್ನು ಗಂಡನಿಗೆ ಉದ್ದಣ್ಣನಾದರೂ ತಿಳಿಸಬಹುದಿತ್ತು. ಆದರೆ ಅವರಿಬ್ಬರೂ ಮಾತಾಡುತ್ತಿರಲಿಲ್ಲವಲ್ಲ. ಸಂಬಂಧ ಬರೆಯುವ ಜಾಗದಲ್ಲಿ, ಸುಳ್ಳು ಗೊತ್ತಿಲ್ಲದ ದುಂಡು ಅಕ್ಷರಗಳಲ್ಲಿ, ಅವಳು ಬರೆದಿದ್ದಳು: ‘ನನ್ನ ಗಂಡನ ಬಾಲ್ಯದ ಗೆಳೆಯರು.’