ಹತ್ತು ದಿನಕ್ಕೊಂದು ಇಲಿ

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ 12.10. ಅರಿಜೋನಾದ ಕಾಪರ್ ವೆಲ್ಸ್ ಠಾಣೆಗೆ ಮೇವಿನ ಅಂಗಡಿಯ ವರ್ನಾ ಟಾಲಿ ಬಂದು, ತನ್ನ ಫ್ರೀಜರಿನಿಂದ ಒಂದು ಇಲಿ ಕಳುವಾಗಿದೆ ಎಂದು ದೂರು ಕೊಟ್ಟಳು. ಕಾನ್‌ಸ್ಟೇಬಲ್ ಡ್ವೇನ್ ಪೆನ್ನು ಕೆಳಗಿಟ್ಟ.

"ಒಂದೇನಾ?"

"ಇವತ್ತು ಒಂದು. ಹೋದ ಜೂನಿಂದ ಲೆಕ್ಕ ಹಾಕಿದ್ರೆ ಹದಿನೇಳು. ಹಲ್ಲು ಬಿಡಬೇಡ, ಬರ್ಕೋ."

ಸಾರ್ಜೆಂಟ್ ಎಲೆನಾ ಬುಸ್ತಾಮೆಂತೆ ನಗಲಿಲ್ಲ. ವರ್ನಾ ಗುರುತು ಹಾಕಿ ತಂದಿದ್ದ ಕ್ಯಾಲೆಂಡರನ್ನು ಬಿಡಿಸಿ ನೋಡಿದಳು. ಕಳವು ಶುರುವಾದದ್ದು ಜೂನ್ 3ಕ್ಕೆ. ಆಮೇಲೆ ಹತ್ತು ದಿನಕ್ಕೊಂದರಂತೆ ಅಕ್ಟೋಬರ್ ಕೊನೆಯವರೆಗೆ. ನಂತರ ನಾಲ್ಕು ತಿಂಗಳು ಏನೂ ಇಲ್ಲ. ಈಗ ಮತ್ತೆ.

"ಚಳಿಗಾಲದಲ್ಲಿ ಕಳ್ಳ ಊರು ಬಿಟ್ಟಿರ್ತಾನೆ ಮೇಡಂ" ಎಂದ ಡ್ವೇನ್.

"ಚಳಿಗಾಲಕ್ಕೆ ಈ ಊರಿಗೆ ಜನ ಬರ್ತಾರೆ ಕಣೋ, ಬಿಟ್ಟು ಹೋಗೋದು ಬೇಸಿಗೇಲಿ. ಕಳ್ಳ ಇಲ್ಲೇ ಇದ್ದ. ಫ್ರೀಜರ್ ಇಲಿ ಬೇಕಾಗೋದು ಹಾವು ಸಾಕೋರಿಗೆ. ಚಳೀಲಿ ಊಟ ಬಿಟ್ಟು ಮಲಗಿದ್ದು ಹಾವು." ಎಲೆನಾ ವರ್ನಾಳ ಕಡೆ ತಿರುಗಿದಳು. "ಯಾವ ಅಳತೆ ಇಲಿ?"

"ಯಾವಾಗ್ಲೂ ನಡುವಿನ ಡಬ್ಬೀದೇ. ಮರಿಯೂ ಅಲ್ಲ, ದೊಡ್ಡದೂ ಅಲ್ಲ."

"ಅಂದ್ರೆ ಬೆಳೆದು ನಿಂತ ಹಾವು, ಆದ್ರೂ ಚಿಕ್ಕದು. ನಮ್ಮ ಕಲ್ಲುಗುಡ್ಡದ ಗುಲಾಬಿ ಬೋವಾ. ಆ ಅಳತೆ ಯಾರು ಕೊಳ್ತಿದ್ರು?"

"ಹಾರ್ಲನ್ ಮ್ಯಾಕಿ ಒಬ್ನೇ. ಮೇ ತಿಂಗಳಲ್ಲಿ ತೀರ್ಕೊಂಡ, ಪಾಪ. ಹಾವನ್ನ ಅವನ ಹೆಂಡ್ತಿ ಡೊರೀನ್ ಗುಡ್ಡಕ್ಕೆ ಬಿಟ್ಟುಬಂದ್ಲಲ್ಲ. ಮಣ್ಣು ಮಾಡಿದ ದಿನವೇ ಎಲ್ರ ಮುಂದೆ ಅಂದ್ಲು, ಆ ಹುಳ ಹೋಯ್ತು, ಪೀಡೆ ತೊಲಗ್ತು ಅಂತ."

ಅದು ಎಲೆನಾಗೂ ನೆನಪಿತ್ತು. ಹಾವು ಒಳಗೆ ಬಂದರೆ ನಾನು ಹೊರಗೆ ಎಂದು ಡೊರೀನ್ ಗಂಡನಿಗೆ ಹಾಕಿದ್ದ ಷರತ್ತು ಊರಿಗೇ ಗೊತ್ತು. ಇಪ್ಪತ್ತೊಂದು ವರ್ಷ ಹಾರ್ಲನ್ ಅದನ್ನು ಗ್ಯಾರೇಜಿನಲ್ಲೇ ಸಾಕಿದ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 2.40ಕ್ಕೆ ಸ್ಥಳ ಪಂಚನಾಮೆ. ಹಿಂಬಾಗಿಲಿಗೆ ಬೀಗವಿಲ್ಲ, ಏನನ್ನೂ ಒಡೆದಿಲ್ಲ. ಫ್ರೀಜರಿನ ಮುಚ್ಚಳ ಸರಿಯಾಗಿ ಕೂರದೆ ಅದರ ಮೇಲೆ ವರ್ನಾ ಒಂದು ಇಟ್ಟಿಗೆ ಹೇರುತ್ತಿದ್ದಳು. ಪ್ರತಿ ಸಲವೂ ಕಳ್ಳ ಇಟ್ಟಿಗೆಯನ್ನು ಇದ್ದಲ್ಲೇ ಇಟ್ಟು ಹೋಗಿದ್ದ. ಉಳಿದ ಇಲಿಗಳು ಕೆಡಬಾರದೆಂಬ ಕಾಳಜಿ ಇರುವ ಕಳ್ಳನನ್ನು ಎಲೆನಾ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

"ಅಂಗಡಿ ಯಾವಾಗ ಖಾಲಿ ಇರುತ್ತೆ?"

"ಹನ್ನೊಂದಕ್ಕೆ. ಅಂಚೆ ಬಂದಿರುತ್ತಲ್ಲ."

ಆ ಊರಲ್ಲಿ ಮನೆಗೆ ಕಾಗದ ತಂದು ಕೊಡುವವರಿಲ್ಲ. ಹನ್ನೊಂದಾಯಿತೆಂದರೆ ಬೀದಿಯವರೆಲ್ಲ ಅಂಚೆ ಕಚೇರಿಯಲ್ಲಿ ಸೇರಿ, ತಮ್ಮ ತಮ್ಮ ಪೆಟ್ಟಿಗೆ ತೆಗೆದು, ಅರ್ಧ ಗಂಟೆ ಹರಟಿ ಬರುತ್ತಾರೆ.

ಮಾರ್ಚ್ 14, ಶುಕ್ರವಾರ. ಹತ್ತನೇ ದಿನ. 10.50ಕ್ಕೆ ಎಲೆನಾ ಓಟ್ಸ್ ಮೂಟೆಗಳ ಹಿಂದೆ ಕುಳಿತಳು. 11.05ಕ್ಕೆ ಅಂಚೆ ಕಚೇರಿಯಿಂದ ಡ್ವೇನ್ ಫೋನ್ ಮಾಡಿದ.

"ಬೀದಿಯವರೆಲ್ಲ ಇಲ್ಲೇ ಇದ್ದಾರೆ ಮೇಡಂ. ಪಕ್ಕದ ಲಾಂಡ್ರಿ ಡೊರೀನ್ ಒಬ್ರೇ ಇಲ್ಲ. ಗಂಡ ಹೋದ ಮೇಲೆ ಈ ಕಡೆ ತಲೆನೇ ಹಾಕಿಲ್ವಂತೆ. ನಂಗ್ಯಾರು ಕಾಗದ ಬರೀತಾರೆ ಅಂತಾರಂತೆ."

11.08ಕ್ಕೆ ಹಿಂಬಾಗಿಲು ತೆರೆಯಿತು. ಡೊರೀನ್ ಇಟ್ಟಿಗೆ ಇಳಿಸಿದಳು, ನಡುವಿನ ಡಬ್ಬಿಯಿಂದ ಒಂದು ಇಲಿ ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡಳು, ಮತ್ತೆ ಇಟ್ಟಿಗೆ ಹೇರಿದಳು.

"ಡೊರೀನ್."

ಅವಳು ಬೆಚ್ಚಲಿಲ್ಲ. "ಗೊತ್ತಾಯ್ತಾ" ಎಂದಳು ಅಷ್ಟೇ.

"ವರ್ನಾನ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ಲು. ಇಪ್ಪತ್ತೊಂದು ವರ್ಷ ಬೈದ ಬಾಯಲ್ಲಿ ಹೇಗೆ ಕೇಳ್ಲಿ, ಎಲೆನಾ? ಯಾವ ಮುಖ ಇಟ್ಕೊಂಡು?"

11.10ಕ್ಕೆ ದಸ್ತಗಿರಿ. 11.40ಕ್ಕೆ ಆರೋಪಿಯ ಮನೆ ತಪಾಸಣೆ. ಪಂಚರಾಗಿ ಬೇರೆ ಯಾರೂ ಸಿಗದೆ ವರ್ನಾಳೇ ಬಂದಳು, ಮುಖ ಗಂಟು ಹಾಕಿಕೊಂಡು. ಗ್ಯಾರೇಜು ಖಾಲಿ. ಗಾಜಿನ ಪೆಟ್ಟಿಗೆ ನಡುಮನೆಯಲ್ಲಿ, ಹಾರ್ಲನ್‌ನ ಕುರ್ಚಿಯ ಪಕ್ಕದಲ್ಲಿತ್ತು. ಒಳಗೆ ಎರಡಡಿಯ ಹಾವು ಸುರುಳಿ ಸುತ್ತಿ ಮಲಗಿತ್ತು. ಗಾಜಿಗೆ ಅಂಟಿಸಿದ್ದ ಊಟದ ಕಾರ್ಡಿನಲ್ಲಿ ತಾರೀಕುಗಳು, ಪ್ರತಿಯೊಂದರ ಮುಂದೆ 'ತಿಂದ'. ಮೇ ತಿಂಗಳಿಗೆ ಕೈಬರಹ ಬದಲಾಗಿತ್ತು. ಕೊನೆಯ ಸಾಲು: 'ಮಾರ್ಚ್ 4. ಮುಟ್ಟಲಿಲ್ಲ.'

"ನಾಲ್ಕು ತಿಂಗಳಿಂದ ಅದರ ಹೊಟ್ಟೆಗೇನಿಲ್ಲ" ಎಂದಳು ಡೊರೀನ್. "ಇವತ್ತೂ ತಿನ್ನದಿದ್ರೆ ಸಾಯುತ್ತೋ ಏನೋ. ಯಾರನ್ನ ಕೇಳ್ಲಿ? ಗುಡ್ಡಕ್ಕೆ ಬಿಟ್ಟೆ ಅಂದಿದ್ದೀನಲ್ಲ."

ಇಲಿ ಮುದ್ದೆಮಾಲು. ಚೀಲಕ್ಕೆ ಹಾಕಿ ಸೀಲು ಮಾಡುವುದು ನಿಯಮ. ಎಲೆನಾ ಚೀಲ ಹಿಡಿದು ನಿಂತೇ ಇದ್ದಳು.

ವರ್ನಾ ಕಾರ್ಡಿನತ್ತ ಬಾಗಿದಳು. "ಹೋದ ಸಲ ಹೇಗೆ ಕೊಟ್ಟೆ?"

"ಮೇಜಿನ ಮೇಲಿಟ್ಟು ಕರಗಿಸಿ. ಬೇಸಿಗೇಲಿ ಹಾಗೇ ಕೊಡ್ತಿದ್ದೆ."

"ಬೇಸಿಗೇಲಿ ಅದು ತಾನಾಗೇ ಬೆಚ್ಚಗಾಗ್ತಿತ್ತು ಕಣೇ! ಈಗ ತಣ್ಣಗಿನ ಹೆಣ, ಯಾವ ಹಾವು ಮೂಸುತ್ತೆ? ಕರಗಿದ ಮೇಲೆ ಬಿಸಿನೀರಲ್ಲಿ ಇಡ್ಬೇಕು. ಹಾರ್ಲನ್ ಮಾಡೋದನ್ನ ಒಂದು ದಿನಾನಾದ್ರೂ ನೋಡಿಲ್ವಾ ನೀನು?"

"ಇಲ್ಲ" ಎಂದಳು ಡೊರೀನ್. "ಒಂದು ದಿನಾನೂ ಗ್ಯಾರೇಜಿಗೆ ಹೋಗ್ಲಿಲ್ಲ."

ವರ್ನಾ ಇಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನೀರಿನಲ್ಲಿ ಮುಳುಗಿಸಿಟ್ಟು, ಆಗಾಗ ನೀರು ಬದಲಿಸಿ, ಕೊನೆಗೆ ಬಿಸಿನೀರು ಹಾಕಿದಳು. ಒಂದು ಗಂಟೆ ಮೂವರೂ ಕಾದರು. 12.55ಕ್ಕೆ ಡೊರೀನ್ ಇಕ್ಕಳದಲ್ಲಿ ಇಲಿ ಹಿಡಿದು ಗಾಜಿನೊಳಗೆ ಇಳಿಸಿದಳು. ಹಾವು ನಾಲಿಗೆ ಆಡಿಸಿತು, ಕಾಯಿತು, ಥಟ್ಟನೆ ಹಿಡಿಯಿತು.

ಡೊರೀನ್ ಪೆನ್ನು ಕೇಳಿ ಪಡೆದು ಕಾರ್ಡಿನಲ್ಲಿ ಬರೆದಳು: 'ತಿಂದ.' ಬರೆದು, ನಿಂತಲ್ಲೇ ಅತ್ತಳು.

ಪಂಚನಾಮೆಯಲ್ಲಿ ಎಲೆನಾ ಹೀಗೆ ಬರೆದಳು: 'ಮುದ್ದೆಮಾಲು: ಇಲಿ ಒಂದು. ಹಾವು ನುಂಗಿರುತ್ತದೆ. ತಿಂದ ಹಾವನ್ನು ಎರಡು ದಿನ ಮುಟ್ಟಬಾರದಾದ್ದರಿಂದ ಅದನ್ನು ಇದ್ದಲ್ಲೇ ಬಿಡಲಾಗಿದೆ.' ಪಂಚರ ಜಾಗದಲ್ಲಿ ವರ್ನಾ ಸಹಿ ಹಾಕಿದಳು.

ಠಾಣೆಯಲ್ಲಿ ಡೊರೀನ್ ಎಲ್ಲವನ್ನೂ ಒಪ್ಪಿಕೊಂಡಳು. ಸಂಜೆ ನಾಲ್ಕಕ್ಕೆ ಅವಳನ್ನು ಸಮನ್ಸ್ ಕೊಟ್ಟು ಬಿಡಲಾಯಿತು. ಹಾವನ್ನು ಯಾಕೆ ಇಟ್ಟುಕೊಂಡಿರಿ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರವನ್ನು ಡ್ವೇನ್ ಇದ್ದದ್ದು ಇದ್ದಂತೆ ಬರೆದುಕೊಂಡಿದ್ದಾನೆ:

"ಅವನ ಕೈ ಹೇಗಿರ್ತಿತ್ತು ಅಂತ ಗೊತ್ತಿರೋರು ಇನ್ನು ನಾವಿಬ್ರೇ."